ಇಂದಿನ ಧಮ್ಮ ಚಿಂತನೆ: ಬೇರಿನ ಕಾವಲು





ನಮ್ಮ ದೇಶದಲ್ಲಿ ಸೀಸ ಬೆರೆಸಿದ ಪೆಟ್ರೋಲ್ 2000ನೇ ಇಸವಿಯಲ್ಲಿ ನಿಂತಿತು. ಆದರೆ ಹಿಂದಿನ ಹೊಗೆಯಿಂದ ರಸ್ತೆಬದಿಯ ಮಣ್ಣಿಗೆ ಬಿದ್ದ ಸೀಸ ಕೊಳೆತುಹೋಗುವುದಿಲ್ಲ.

ಅಂಥ ಮಣ್ಣಿನಲ್ಲಿ ಸೀಸವು ಕ್ಯಾಲ್ಸಿಯಂನ ವೇಷದಲ್ಲಿ ಬೇರಿನೊಳಗೆ ನುಸುಳುತ್ತದೆ. ಬೇರು ಅದನ್ನು ತನ್ನ ಜೀವಕೋಶಗಳ ಗೋಡೆಗೆ ಅಂಟಿಸಿಕೊಳ್ಳುತ್ತದೆ. ಒಳಗಿನ ನೀರು ತೂರದ ಪಟ್ಟಿಯೊಂದು ಕಾವಲು ನಿಲ್ಲುತ್ತದೆ. ಹಣ್ಣಿಗೆ ಏರುವುದು ಅತ್ಯಲ್ಪ. ಆದರೆ ಎಳೆಯ ಬೇರುತುದಿಯಲ್ಲಿ ಆ ಪಟ್ಟಿ ಇನ್ನೂ ಮೂಡಿರುವುದಿಲ್ಲ. ಸೀಸ ಹೆಚ್ಚಾದರೆ ತಡೆದ ಬೇರೇ ಕುಂಠಿತವಾಗುತ್ತದೆ.

ಲೋಭ, ದ್ವೇಷ, ಮೋಹಗಳನ್ನು ಬುದ್ಧರು ಅಕುಶಲ ಮೂಲಗಳೆಂದರು. ಮೂಲವೆಂದರೆ ಬೇರು. ಕಿಂಸುಕ ಸುತ್ತದಲ್ಲಿ ಸ್ಮೃತಿಯನ್ನು ಊರಬಾಗಿಲ ಕಾವಲುಗಾರನಿಗೆ ಹೋಲಿಸಿದರು. ಏಕೆಂದರೆ ದ್ವೇಷವೂ ನ್ಯಾಯದ ವೇಷದಲ್ಲೇ ಬರುತ್ತದೆ.

ಹೊರಗೆ ಉಂಡ ಅವಮಾನವನ್ನು ಮನೆಯ ಮಕ್ಕಳ ಮೇಲೆ ಕಾರದಿದ್ದರೆ ಅದು ಶೀಲ. ಆದರೆ ತಡೆದಿಟ್ಟದ್ದು ಕಳೆದುಹೋದದ್ದಲ್ಲ, ಬೇರಿನಲ್ಲೇ ಕೂತಿರುತ್ತದೆ.

ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದರೆ ಸೀಸ ಮಣ್ಣಿಗೇ ಅಂಟಿಕೊಂಡು ಬೇರಿಗೆ ಸಿಗುವುದು ಕಡಿಮೆಯಾಗುತ್ತದೆ. ಮೈತ್ರಿ ಭಾವನೆ ಅಂಥ ಗೊಬ್ಬರ. ಕಟುಮಾತು ಆಡಿದವರು ಬದಲಾಗದಿರಬಹುದು. ಆ ಮಾತು ನಮ್ಮೊಳಗೆ ಇಳಿಯುವುದು ತಗ್ಗುತ್ತದೆ.

ಇಂದಿನ ಅಭ್ಯಾಸ:
🌿 ಮಲಗುವ ಮುನ್ನ ಹತ್ತು ನಿಮಿಷ ಮೈತ್ರಿ ಧ್ಯಾನ. ಇಂದು ನೋಯಿಸಿದವರನ್ನೂ ಅದರಲ್ಲಿ ಸೇರಿಸಿಕೊಳ್ಳಿ.
🌿 ಮೂಲಂಗಿ, ಗಜ್ಜರಿಯ ಸಿಪ್ಪೆ ತೆಗೆದು, ಸೊಪ್ಪಿನ ಧೂಳು ಹೋಗುವಂತೆ ತೊಳೆದು ಮಕ್ಕಳಿಗೆ ಬಡಿಸಿ. ಅದೂ ಕರುಣೆಯೇ.

ಎಲ್ಲರಿಗೂ ಮಂಗಳವಾಗಲಿ 🙏