ಹಲ್ಲಿರುವವರಿಗೆ ಮರ್ಯಾದೆ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಣಮೀನಿನ ಸಾಲಿಗೆ ಬಂದರೆ ಕಡಲು ದೂರವೆನ್ನಿಸುವುದಿಲ್ಲ. ಮಂಗಳೂರು, ಕಣ್ಣೂರು ಕಡೆಯ ಮೀನು ಘಾಟಿ ಹತ್ತಿ ಬಂದು ಗೋಣಿಯ ಮೇಲೆ ಹರಡಿಕೊಂಡಿರುತ್ತದೆ. ಉಪ್ಪುಗಟ್ಟಿದ ದಪ್ಪ ತುಂಡೊಂದನ್ನು ಎತ್ತಿಕೊಂಡ ಅಜ್ಜನನ್ನು ಮೊಮ್ಮಗಳು ತಡೆದಳು. ಅದು ತಾಟೆ, ಅಂದರೆ ಶಾರ್ಕ್. ತಲೆ ಕತ್ತರಿಸಿ ಒಣಗಿಸಿದ ಮೇಲೆ ಅದು ಯಾವುದೋ ಸಣ್ಣ ಜಾತಿಯದೋ, ಅಳಿವಿನಂಚಿಗೆ ಬಂದಿರುವ ಸುತ್ತಿಗೆ ತಲೆಯ ಶಾರ್ಕಿನ ಮರಿಯೋ, ಹೇಳುವುದು ಕಷ್ಟ. ಅವಳು ಓದುವುದು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ. ಅಜ್ಜ ಕಾಫಿ ಬೆಳೆಗಾರ. ತೋಟ ಇರುವುದು ಆನೆಯ ಹಾದಿಯಲ್ಲಿ. ಶುರುವಾದ ವಾದ ಬಸ್ಸು ಹತ್ತಿದ ಮೇಲೂ ನಿಲ್ಲಲಿಲ್ಲ.

"ಮನುಷ್ಯನನ್ನು ತಿನ್ನುವ ಮೀನನ್ನು ಮನುಷ್ಯ ತಿಂದರೆ ತಪ್ಪೇನು?" ಎಂದರು ಅಜ್ಜ.

"ಅದು ಮನುಷ್ಯನನ್ನು ತಿನ್ನುವುದೇ ಅಪರೂಪ, ಅಜ್ಜ. ಶಾರ್ಕಿನಲ್ಲಿ 500ಕ್ಕೂ ಹೆಚ್ಚು ಜಾತಿಗಳಿವೆ. ಕಚ್ಚುವುದಕ್ಕೆ ಹೆಸರಾದವು ಮುಖ್ಯವಾಗಿ ಮೂರು: ದೊಡ್ಡ ಬಿಳಿ ಶಾರ್ಕ್, ಹುಲಿ ಶಾರ್ಕ್, ಗೂಳಿ ಶಾರ್ಕ್. ಫ್ಲಾರಿಡಾದ ಒಂದು ವಸ್ತುಸಂಗ್ರಹಾಲಯದಲ್ಲಿ ಇಡೀ ಜಗತ್ತಿನ ಲೆಕ್ಕ ಇದೆ. ಕೆಣಕದೆ ಇದ್ದರೂ ಕಚ್ಚಿದ ಪ್ರಕರಣ ವರ್ಷಕ್ಕೆ ಸರಾಸರಿ 60ರಿಂದ 70, ಸಾಯುವವರು ಐದಾರು ಮಂದಿ. ನಾವು ಕೊಲ್ಲುವುದು ವರ್ಷಕ್ಕೆ ಸುಮಾರು 10 ಕೋಟಿ ಎಂದು 2013ರ ಒಂದು ಅಂದಾಜು."

"ಆ ಲೆಕ್ಕವನ್ನು ಸತ್ತವನ ಮನೆಯಲ್ಲಿ ಹೇಳಬೇಡ ಮಗೂ. ಇಲ್ಲಿ ಆನೆ ತುಳಿದು ಆಳು ಸತ್ತಾಗಲೂ ಪೇಟೆಯವರು ಅದನ್ನೇ ಹೇಳುತ್ತಾರೆ, ರಸ್ತೆಯಲ್ಲಿ ಸಾಯುವವರು ಇದಕ್ಕಿಂತ ಹೆಚ್ಚು ಎಂದು. ನಿಜವೇ. ಮರುದಿನ ಬೆಳಿಗ್ಗೆ ಅದೇ ತೋಟಕ್ಕೆ ಕಾಫಿ ಕುಯ್ಯಲು ಹೋಗುವವಳಿಗೆ ಅದರಿಂದ ಏನಾಗಬೇಕು?"

ಅಜ್ಜನ ಮಾತಿನಲ್ಲಿ ಹುರುಳಿತ್ತು. ಶಾರ್ಕಿನ ಪರ ವಹಿಸುವವರು ಅದನ್ನು ಪಾಪದ ಪ್ರಾಣಿ ಮಾಡಿ ತೋರಿಸುವ ಆತುರದಲ್ಲಿ ಅದರ ಹಲ್ಲನ್ನೇ ಮರೆಸಿಬಿಡುತ್ತಾರೆ. ಅವಳೂ ಸ್ವಲ್ಪ ಹೊತ್ತು ಸುಮ್ಮನಾಗಿ, "ಪಾಪ ಅನ್ನಬೇಕಿಲ್ಲ, ಮರ್ಯಾದೆ ಕೊಟ್ಟರೆ ಸಾಕು," ಎಂದಳು.

"ಮರ್ಯಾದೆ ಅಂದೆಯಲ್ಲ," ಅಜ್ಜನೇ ಮುಂದುವರಿಸಿದರು. "ಹುಲಿಗೆ ಅದು ಈ ನಾಡಿನಲ್ಲಿ ಇತ್ತು. ಕೊಡವರಲ್ಲಿ ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ನರಿ ಮಂಗಲ, ಅಂದರೆ ಹುಲಿ ಮದುವೆ, ಮಾಡುತ್ತಿದ್ದರು."

"ಮರ್ಯಾದೆ ಹುಲಿಗೋ, ಹೊಡೆದವನಿಗೋ?"

"ಹುಲಿ ದೊಡ್ಡದು, ಹಾಗಾಗಿ ಹೊಡೆದವನೂ ದೊಡ್ಡವನು. ಇಲಿ ಹೊಡೆದವನಿಗೆ ಯಾರು ಮಂಗಲ ಮಾಡುತ್ತಾರೆ?"

"ಆ ಮರ್ಯಾದೆ ಸಿಗಬೇಕಾದರೆ ಹುಲಿ ಮೊದಲು ಸಾಯಬೇಕಿತ್ತಲ್ಲ, ಅಜ್ಜ!"

ಅಜ್ಜ ನಕ್ಕರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಪ್ರಶ್ನೆಗೆ ಕಾನೂನಿನ ಉತ್ತರವಂತೂ ಸಿಕ್ಕಿದೆ. ಅದೇ ಕಾಯ್ದೆಯ ಮೊದಲ ಪರಿಶಿಷ್ಟಕ್ಕೆ 2001ರಲ್ಲಿ ತಿಮಿಂಗಿಲ ಶಾರ್ಕ್ ಸೇರಿತು. ಗುಜರಾತಿನ ಕರಾವಳಿಯಲ್ಲಿ ಅದನ್ನು ಕೊಲ್ಲುತ್ತಿದ್ದ ಬಗೆಯನ್ನು ಮೈಕ್ ಪಾಂಡೆಯವರ ಸಾಕ್ಷ್ಯಚಿತ್ರ ಲೋಕಕ್ಕೆ ತೋರಿಸಿದ ಮೇಲೆ ಆದ ಬದಲಾವಣೆ ಇದು. ಆದರೆ ಕಾಯ್ದೆಯೊಂದರಿಂದಲೇ ಬೇಟೆ ನಿಲ್ಲಲಿಲ್ಲ. 2004ರಲ್ಲಿ ರಾಮಕಥೆ ಹೇಳುವ ಮೊರಾರಿ ಬಾಪು, ಇದು ಹೆರಿಗೆಗೆ ತವರಿಗೆ ಬಂದ ಮಗಳು ಎಂದರು. ಕೊಲ್ಲುತ್ತಿದ್ದ ಕೈಗಳೇ ಬಲೆ ಕತ್ತರಿಸಿ ಮೀನನ್ನು ಬಿಡತೊಡಗಿದವು. ಹಾಳಾದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆಯೂ ಬಂತು.

ಮೊಮ್ಮಗಳು ಇದನ್ನು ಹೆಮ್ಮೆಯಿಂದಲೇ ಹೇಳಿದಳು. ಅಜ್ಜ ಕೇಳಿದ್ದು ಒಂದೇ: "ಆ ಮೀನಿಗೆ ಹಲ್ಲು ಹೇಗಿದೆ?"

"ಸಾವಿರಾರು ಇವೆ, ತೀರಾ ಸಣ್ಣವು. ಕಚ್ಚುವುದಕ್ಕೆ ಬರುವುದಿಲ್ಲ. ನೀರನ್ನು ಸೋಸಿ ಸಣ್ಣಪುಟ್ಟ ಜೀವಿಗಳನ್ನು ತಿನ್ನುತ್ತದೆ."

"ಹಾಗಿದ್ದರೆ ಮಗಳೆನ್ನುವುದು ಸುಲಭ. ಹುಲಿ ಶಾರ್ಕನ್ನು ತವರಿಗೆ ಕರೆಯಿರಿ, ನೋಡೋಣ. ನೀನು ಹೇಳಿದ್ದು ಮಮತೆಯ ಕಥೆ."

ಅವಳು ಹವಾಯಿಗೆ ಹಾರಿದಳು. ಅಲ್ಲಿ 1959ರಿಂದ 1976ರವರೆಗೆ ಸರ್ಕಾರವೇ ಶಾರ್ಕ್ ಕೊಲ್ಲುವ ಕಾರ್ಯಕ್ರಮಗಳನ್ನು ನಡೆಸಿತ್ತು. ಸತ್ತವು 4,600ಕ್ಕೂ ಹೆಚ್ಚು. ಅವುಗಳಲ್ಲಿ ಹುಲಿ ಶಾರ್ಕ್ 500ಕ್ಕೂ ಮೇಲೆ. ಕಚ್ಚುವ ಪ್ರಕರಣಗಳು ಮಾತ್ರ ಕಣ್ಣಿಗೆ ಕಾಣುವಷ್ಟು ಇಳಿಯಲಿಲ್ಲ. ಆಸ್ಟ್ರೇಲಿಯಾದ ರಾಡ್ನಿ ಫಾಕ್ಸ್ 1963ರಲ್ಲಿ ಬಿಳಿ ಶಾರ್ಕಿನ ಬಾಯಿಂದ ಬದುಕಿಬಂದವನು; ಆಮೇಲೆ ಅದರ ರಕ್ಷಣೆಗೇ ನಿಂತ. 'ಜಾಸ್' ಕಾದಂಬರಿ ಬರೆದು ಲೋಕವನ್ನೇ ಹೆದರಿಸಿದ ಪೀಟರ್ ಬೆಂಚ್ಲಿ ಕೂಡ ಕೊನೆಗೆ ಶಾರ್ಕಿನ ಪರ ಮಾತಾಡಿದ.

"ಅವರು ಅದನ್ನು ಸಾಧು ಎನ್ನಲಿಲ್ಲ, ಅಜ್ಜ. ಕಡಲಿಗಿಳಿಯುವವನೇ ಎಚ್ಚರದಿಂದ ಇರಬೇಕು ಎಂದರು. ತೋಟಕ್ಕೆ ಆನೆ ಬಂದಿದೆ ಎಂದು ಗೊತ್ತಾದರೆ ನೀವೇನು ಮಾಡುತ್ತೀರಿ?"

"ಆ ಬ್ಲಾಕಿನಲ್ಲಿ ಅವತ್ತು ಕುಯ್ಲಿಲ್ಲ."

"ಅದೇ ಮರ್ಯಾದೆ."

"ಅಲ್ಲ, ಅದು ಹೆದರಿಕೆ."

"ಹೆದರಿಕೆ ಇದೆ, ಮನೆಯಲ್ಲಿ ಕೋವಿಯೂ ಇದೆ. ಆದರೂ ಹೊಡೆಯುವುದಿಲ್ಲವಲ್ಲ?"

"ಹೊಡೆದರೆ ಜೈಲು!" ಎಂದ ಅಜ್ಜ, ಸ್ವಲ್ಪ ತಡೆದು, "ಅದೊಂದೇ ಕಾರಣವೂ ಅಲ್ಲ ಅನ್ನು," ಎಂದು ಸೇರಿಸಿದರು.

ಶಾರ್ಕಿನ ವಿಷಯದಲ್ಲಿ ತಾಳ್ಮೆಗೆ ಇನ್ನೂ ಗಟ್ಟಿ ಕಾರಣವಿದೆ. ಬಿಳಿ ಶಾರ್ಕಿನ ಹೆಣ್ಣು ಮರಿ ಹಾಕುವ ಪ್ರಾಯಕ್ಕೆ ಬರಲು ಸುಮಾರು 33 ವರ್ಷ ಬೇಕೆಂದು ಒಂದು ಅಂದಾಜು. ಮತ್ತಿ, ಬಂಗುಡೆಯಂತೆ ಸಾವಿರಗಟ್ಟಲೆ ಮೊಟ್ಟೆಯಿಡುವ ಜೀವ ಅದಲ್ಲ. ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದೀಚೆಗೆ ಶೇ. 71ರಷ್ಟು ಕುಸಿದಿದೆ ಎಂದು 2021ರ ಅಧ್ಯಯನವೊಂದು ತೋರಿಸಿತು. ಶಾರ್ಕಿನ ರೆಕ್ಕೆಯ ರಫ್ತನ್ನು ಭಾರತ 2015ರಲ್ಲಿ ನಿಷೇಧಿಸಿತು. ಬೇರೆ ಮೀನಿನ ಜೊತೆ ಬಲೆಗೆ ಬೀಳುವುದನ್ನು ಯಾವ ನಿಷೇಧ ತಡೆದೀತು?

"ಅಲ್ಲಿಗೆ ಬಂದೆ ನೋಡು," ಎಂದರು ಅಜ್ಜ. "ಎಚ್ಚರದ ಖರ್ಚು ಯಾರದ್ದು? ಕುಯ್ಲು ನಿಂತ ದಿನದ ಕೂಲಿ ಕಳೆದುಕೊಳ್ಳುವವರು ಇಲ್ಲಿದ್ದಾರೆ, ಬಲೆ ಕಳೆದುಕೊಳ್ಳುವವನು ಅಲ್ಲಿದ್ದಾನೆ. ಮರ್ಯಾದೆಯ ಮಾತಾಡುವವರು ಮೂರನೆಯ ಕಡೆ ಕೂತಿದ್ದಾರೆ."

"ಗುಜರಾತಿನಲ್ಲಿ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು, ಅಜ್ಜ. ಶಾರ್ಕನ್ನು ಬಿಡುವ ಚಿತ್ರ ಅವರೇ ತೆಗೆದರೆ ಪರಿಹಾರಕ್ಕೆ ಅದೇ ಸಾಕ್ಷಿ. ಅಧಿಕಾರಿ ಬರಲೆಂದು ಕಡಲಿನಲ್ಲಿ ಕಾಯಬೇಕಿಲ್ಲ."

"ಅಂದರೆ ಅವನ ಮಾತನ್ನು ನಂಬಿದರು. ಒಳ್ಳೆಯದು. ಅದೇ ಬಲೆಗೆ ಹುಲಿ ಶಾರ್ಕ್ ಬಿದ್ದರೆ ಕತ್ತರಿಸುತ್ತಾನಾ?"

"ಗೊತ್ತಿಲ್ಲ. ನೀವಾಗಿದ್ದರೆ?"

"ನನ್ನನ್ನೇಕೆ ಕೇಳುತ್ತೀ, ನಾನು ಬಲೆ ಹಾಕಿದವನಲ್ಲ. ಮಂಗಳೂರಿಗೆ ವಾಪಸು ಹೋಗುತ್ತೀಯಲ್ಲ, ಬಂದರಿನಲ್ಲಿ ಯಾರನ್ನಾದರೂ ಕೇಳು. ಬಲೆಗೆ ಎಷ್ಟು ಬೆಲೆ ಅನ್ನುವುದನ್ನು ಮೊದಲು ಕೇಳು."