ಹಳೆಯ ಮನೆಯ ಋಣ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದರು. ‘ಮನೆ ಕಳಚಿ ನೋಡು’ ಎಂದು ಅವರು ಹೇಳಲಿಲ್ಲ. ಅವರಿಗೆ ಆ ಪ್ರಸಂಗ ಬಂದಿರಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಮಾತ್ರ ಅದು ಮನೆಮನೆಯ ಪ್ರಸಂಗವಾಗಿದೆ. ಕಟ್ಟುವವನ ಕಷ್ಟ ಹಣದ್ದು. ಕಳಚುವವನದು ಬೇರೆಯೇ ಬಗೆಯದು.

ಅಂಕೋಲೆಯಲ್ಲಿ ನಮ್ಮದೊಂದು ಹಳೆಯ ಮನೆಯಿತ್ತು. ಚಿರೆಕಲ್ಲಿನ ಗೋಡೆ, ಜಗಲಿಗೆ ಹಲಸಿನ ಕಂಬ, ತಲೆಬಾಗಿ ಒಳಗೆ ಬರಬೇಕಾದ ಹೆಬ್ಬಾಗಿಲು, ಹಿತ್ತಲಲ್ಲಿ ಬಾವಿ. ಹಿಸ್ಸೆಯಾದ ಮೇಲೆ ಎಲ್ಲರೂ ಊರು ಬಿಟ್ಟರು. ನಾನು ಕಾರವಾರದಲ್ಲಿ ಪಾಠ ಹೇಳುತ್ತ ಸಿಮೆಂಟಿನ ಮನೆಯಲ್ಲಿ ಸುಖವಾಗಿದ್ದೇನೆ. ದೊಡ್ಡಪ್ಪನ ಮಗ ಅಣ್ಣನೊಬ್ಬನೇ ಸಂಸಾರ ಕಟ್ಟಿಕೊಂಡು ಅಲ್ಲಿ ಉಳಿದಿದ್ದ. ಎರಡು ವರ್ಷದ ಹಿಂದೆ ಅವನು ಫೋನು ಮಾಡಿದ. ಹಳೆಯ ಮರಮಟ್ಟು ಕೊಳ್ಳುವವನೊಬ್ಬ ಬಂದು ಕಂಬಗಳಿಗೂ ಬಾಗಿಲಿಗೂ ಬೆಲೆ ಹೇಳಿ ಹೋಗಿದ್ದಾನೆ, ಮುರಿಯೋಣವೇ ಎಂದು ಕೇಳಿದ. ನಾನು ಬಿಸಿಯಾಗಿ ಪರಂಪರೆ, ಪೂರ್ವಜರು ಎಂದೆಲ್ಲ ಉಪನ್ಯಾಸ ಕೊಟ್ಟೆ. ಅಣ್ಣ ಕೊನೆಯವರೆಗೂ ಕೇಳಿದ. ಆಮೇಲೆ ಹೇಳಿದ: “ತಮ್ಮಾ, ಒಂದು ಮಳೆಗಾಲ ಬಂದು ಇಲ್ಲಿ ಇರು. ಹಂಚು ತಿರುವಿಸು, ಗೋಡೆಗೆ ಮಡಲ ತಟ್ಟಿ ಕಟ್ಟಿಸು. ಆಮೇಲೆ ನೀನು ಹೇಳಿದ ಹಾಗೆ.”

ನನ್ನಲ್ಲಿ ಉತ್ತರವಿರಲಿಲ್ಲ. ಹಳೆಯ ಮನೆಯ ಮೇಲಿನ ಪ್ರೀತಿ ಬಹುಮಟ್ಟಿಗೆ ಅದರಲ್ಲಿ ಇರದವರ ಪ್ರೀತಿ ಎಂಬುದು ಅಂದು ತಿಳಿಯಿತು. ಹಾಗಾದರೆ ಆ ಪ್ರೀತಿಗೆ ಬೆಲೆಯೇ ಇಲ್ಲವೆ? ಇದ್ದರೆ ಅದರ ಧರ್ಮ ಯಾವುದು?

ಈ ಪ್ರಶ್ನೆ ಬಂದಾಗ ನೆನಪಾಗುವವರು ಮಣಿಪಾಲದ ವಿಜಯನಾಥ ಶೆಣೈ ಅವರು. ಅವರು ವಾಸ್ತುಶಿಲ್ಪ ಓದಿದವರಲ್ಲ, ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಮಾಡಿದವರು. ಕರಾವಳಿಯ ಮನೆತನಗಳು ಒಡೆದು, ಹಳೆಯ ಮನೆಗಳು ಒಂದೊಂದಾಗಿ ನೆಲಸಮವಾಗುತ್ತಿದ್ದ ಕಾಲದಲ್ಲಿ ಅವರು ಆ ಮನೆಗಳ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಕೊಂಡು ತಂದು ಅವುಗಳಿಂದಲೇ ತಮಗೊಂದು ಮನೆ ಕಟ್ಟಿಸಿಕೊಂಡರು. ಅದಕ್ಕೆ ‘ಹಸ್ತಶಿಲ್ಪ’ ಎಂದು ಹೆಸರಿಟ್ಟರು. ಹವ್ಯಾಸ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ಅವರು ಇಡಿಯ ಮನೆಗಳನ್ನೇ ತರತೊಡಗಿದರು. ಕುಂದಾಪುರ ಸೀಮೆಯ ಹರ್ಕೂರಿನ ಒಳಗಿನಮನೆ, ಕುಂಜೂರಿನ ಚೌಕಿಮನೆ, ಮಿಯಾರಿನ ಮನೆ. ಘಟ್ಟದ ಮೇಲಿನಿಂದ ಮುಧೋಳ ಅರಮನೆಯ ದರ್ಬಾರು ಸಭಾಂಗಣ, ಕುಕನೂರಿನ ಕಮಲ ಮಹಲು. ಮಣಿಪಾಲದ ಸುಮಾರು ಆರು ಎಕರೆ ನೆಲದಲ್ಲಿ ಇವೆಲ್ಲ ಮತ್ತೆ ಎದ್ದು ನಿಂತಿವೆ. ಶೆಣೈ ಅವರು 2017ರಲ್ಲಿ ತೀರಿಕೊಂಡರು.

ಇಂಥ ಕೆಲಸದ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಮನೆಯನ್ನು ಕೆಡಹುವುದು ಒಂದು, ಕಳಚುವುದು ಇನ್ನೊಂದು. ಕೆಡಹುವವನಿಗೆ ಗುದ್ದಲಿ ಸಾಕು. ಕಳಚುವವನು ಮೊದಲು ನಕ್ಷೆ ತೆಗೆಯಬೇಕು. ಪ್ರತಿಯೊಂದು ತೊಲೆಗೆ, ಜಂತೆಗೆ, ಕಂಬದ ಬೋದಿಗೆಗೆ ಅಂಕಿ ಬರೆಯಬೇಕು. ಕಟ್ಟಿದ ಕ್ರಮಕ್ಕೆ ತಿರುಗಾಮುರುಗಾ, ಮೇಲಿನಿಂದ ಕೆಳಕ್ಕೆ ಬಿಚ್ಚಬೇಕು. ಹಳೆಯ ಮನೆಗಳಲ್ಲಿ ಮರಕ್ಕೆ ಮರವನ್ನೇ ಕಚ್ಚಿಸಿ ಕೂಡಿಸಿದ್ದು ಹೆಚ್ಚು, ಮೊಳೆ ಕಡಿಮೆ. ಆದ್ದರಿಂದಲೇ ಅವುಗಳನ್ನು ಬಿಚ್ಚಬಹುದು, ಮತ್ತೆ ಕೂಡಿಸಬಹುದು. ಹೀಗೆ ಬಿಚ್ಚುವಾಗ ಕಟ್ಟಿದವನ ಕೈ ತಿಳಿಯುತ್ತದೆ. ಹೆಸರು ಬರೆದಿಡದೆ ಹೋದ ಬಡಗಿಯೊಬ್ಬನ ಬುದ್ಧಿಯನ್ನು ಇನ್ನೊಬ್ಬ ಬಡಗಿ ಕೀಲು ಕೀಲಾಗಿ ಓದಿದ ಹಾಗೆ.

ಆಕ್ಷೇಪಗಳಿಲ್ಲದೆ ಇಲ್ಲ. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಷ್ಟು ಹಿಂದೆಯೇ, ಕಟ್ಟಡವನ್ನು ಮೊದಲಿನಂತೆ ಮಾಡುತ್ತೇವೆನ್ನುವುದು ಸುಳ್ಳು ಎಂದು ಸಾರಿದ್ದ. ಸತ್ತವನನ್ನು ಎಬ್ಬಿಸಲಾಗದಂತೆ ಇದೂ ಆಗದ ಕೆಲಸ ಎಂಬುದು ಅವನ ವಾದ. ಅವನ ದಾರಿಯಲ್ಲಿ ನಡೆದ ವಿಲಿಯಂ ಮೋರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆಂದು ಸಂಘ ಕಟ್ಟಿದ. ‘ಸರಿಪಡಿಸಿ, ಸೋರದಂತೆ ನೋಡಿಕೊಳ್ಳಿ, ಆದರೆ ಹಳೆಯದನ್ನು ಹೊಸದಾಗಿ ನಟಿಸಬೇಡಿ’ ಎಂಬುದು ಅದರ ಸಾರ. ಈ ಮಾತಿನಲ್ಲಿ ತಥ್ಯವಿದೆ. ಮನೆಯನ್ನು ‘ಮೊದಲಿನಂತೆ’ ಮಾಡುವುದಾದರೆ ಯಾವ ಮೊದಲು? ನಮ್ಮ ಕರಾವಳಿಯ ಹಳೆಯ ಮನೆ ಎಂದರೆ ಕಣ್ಣಿಗೆ ಕಟ್ಟುವುದು ಕೆಂಪು ಹಂಚು. ಆದರೆ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆದದ್ದು 1865ರಲ್ಲಿ. ಅದಕ್ಕೆ ಮೊದಲು ಎಷ್ಟೋ ಮನೆಗಳಿಗಿದ್ದದ್ದು ಹುಲ್ಲು, ಮಡಲು. ಇಂದು ನಮಗೆ ಪುರಾತನವಾಗಿ ಕಾಣುವ ಹಂಚು ಅಂದಿನ ಅಜ್ಜಂದಿರಿಗೆ ಹೊಸ ಷೋಕಿ.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದುದು. ಮನೆ ಎಂದರೆ ಬರಿಯ ಮರಮಟ್ಟಲ್ಲ. ಅದರ ಬಾವಿ, ಬೇಣ, ಗದ್ದೆ, ನೆರೆಹೊರೆ ಎಲ್ಲ ಸೇರಿ ಮನೆ. ಹರ್ಕೂರಿನ ಮನೆ ಮಣಿಪಾಲಕ್ಕೆ ಬಂದಾಗ ಹರ್ಕೂರು ಬರಲಿಲ್ಲ. ಇದು ನಿಜ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ 1891ರಲ್ಲಿ ಆರ್ಥರ್ ಹಾಜೆಲಿಯಸ್ ಎಂಬಾತ ದೇಶದ ಮೂಲೆಮೂಲೆಯ ಮನೆಗಳನ್ನು ತಂದು ಸ್ಕಾನ್ಸೆನ್ ಎಂಬ ಬಯಲು ಸಂಗ್ರಹಾಲಯ ಕಟ್ಟಿದಂದಿನಿಂದ ಈ ದೂರು ಇದ್ದದ್ದೇ. ಆದರೆ ದೂರು ಹೇಳುವವರು ಒಂದನ್ನು ಮರೆಯುತ್ತಾರೆ. ಇಂಥ ಮನೆಗಳ ಎದುರಿಗಿದ್ದ ಆಯ್ಕೆ ಹೆಚ್ಚಾಗಿ ‘ಊರಿನಲ್ಲೋ, ಪರ ಊರಿನಲ್ಲೋ’ ಎಂಬುದಲ್ಲ. ‘ಪರ ಊರಿನಲ್ಲೋ, ಒಲೆಯಲ್ಲೋ’ ಎಂಬುದು.

ಮೂರನೆಯ ಆಕ್ಷೇಪ ನನ್ನ ಮನಸ್ಸಿನದೇ. ನಮ್ಮ ಮನೆಯ ಜಗಲಿಯನ್ನು ನಾನು ಎಷ್ಟು ಹೊಗಳಿದರೂ ಆ ಜಗಲಿ ಎಲ್ಲರಿಗೂ ಕೂರಲು ಇದ್ದುದಲ್ಲ. ಗದ್ದೆ ಗೇಯ್ದ ಹಾಲಕ್ಕಿ ಒಕ್ಕಲು ಅಂಗಳದಲ್ಲೇ ನಿಲ್ಲುತ್ತಿದ್ದರು. ಅಡಿಗೆಮನೆಯ ಮಗ್ಗುಲಿಗೆ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಅಜ್ಜನ ತಂಗಿಯೊಬ್ಬಳು ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಬಂದು, ಆಯುಷ್ಯವನ್ನೆಲ್ಲ ಅಲ್ಲಿ ಸವೆಸಿದಳಂತೆ. ಮನೆಯನ್ನು ಉಳಿಸುವಾಗ ಕೆತ್ತನೆಯ ಕಂಬವನ್ನಷ್ಟೇ ಉಳಿಸಿ ಈ ಕತ್ತಲೆಯ ಕೋಣೆಯನ್ನು ಬಿಟ್ಟರೆ, ಉಳಿದದ್ದು ಮನೆಯಲ್ಲ, ನಮ್ಮ ಒಣ ಹೆಮ್ಮೆ.

ಹೆಮ್ಮೆಯ ಮಾತು ಬಂದಾಗ ಅಂಕೋಲೆ ನಮಗೆ ಬೇರೊಂದು ಪಾಠವನ್ನು ಹೇಳುತ್ತದೆ. 1930ರ ಏಪ್ರಿಲ್ 13ರಂದು ಇಲ್ಲಿ ಉಪ್ಪಿನ ಕಾಯದೆಯನ್ನು ಮುರಿದರು. ಅದರ ಬೆನ್ನಿಗೆ ಕರನಿರಾಕರಣೆ ಬಂತು. ಈ ತಾಲೂಕಿನಲ್ಲೂ ಸಿದ್ದಾಪುರದಲ್ಲೂ ರೈತರು ತೀರ್ವೆ ಕೊಡೆವೆಂದು ನಿಂತು ಭೂಮಿ, ಮನೆ, ಪಾತ್ರೆಪಗಡೆಗಳ ಜಪ್ತಿಯನ್ನು ಕಂಡರು. ಆ ಮನೆಗಳಲ್ಲಿ ಒಳ್ಳೆಯ ಕಂಬಗಳಿರಲಿಲ್ಲವೆ? ಇದ್ದವು. ಆದರೆ ಕಂಬಕ್ಕಿಂತ ದೊಡ್ಡದು ಒಂದಿದೆ ಎಂದು ಅವರು ಮನೆಯನ್ನೇ ಕಳೆದುಕೊಂಡು ತೋರಿಸಿದರು. ಮನೆ ಐತಿಹಾಸಿಕವಾಗುವುದು ಅದರ ವಯಸ್ಸಿನಿಂದಷ್ಟೇ ಅಲ್ಲ, ಒಳಗಿದ್ದವರ ನಡತೆಯಿಂದಲೂ ಹೌದು.

ನಮ್ಮ ಕಣ್ಣೆದುರಿಗೇ ಇನ್ನೊಂದು ನಡೆಯಿತು. ಕಾರವಾರ ಅಂಕೋಲೆಗಳ ನಡುವಿನ ಕರಾವಳಿಯಲ್ಲಿ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು. 2005ರಲ್ಲಿ ಅದು ‘ಕದಂಬ’ ಎಂಬ ಹೆಸರಿನಿಂದ ಕೆಲಸಕ್ಕೆ ತೊಡಗಿತು. ನಾಲ್ಕು ಸಾವಿರಕ್ಕೂ ಮಿಕ್ಕ ಕುಟುಂಬಗಳು ಎದ್ದು ಹೋಗಬೇಕಾಯಿತು. ದೇಶದ ರಕ್ಷಣೆ ಬೇಕಾದ್ದೇ. ಆ ಚರ್ಚೆ ಇಲ್ಲಿಯದಲ್ಲ. ಆದರೆ ಮೀನುಗಾರರ, ಬೇಸಾಯಗಾರರ ಆ ಮನೆಗಳ ತೊಲೆ ಜಂತೆಗಳಿಗೆ ಅಂಕಿ ಬರೆಯುವ ಸಂಗ್ರಾಹಕ ಬರಲಿಲ್ಲ. ಮಣ್ಣಿನ ಗೋಡೆಯ ಮನೆ ಯಾರ ಹವ್ಯಾಸದ ಪಟ್ಟಿಗೂ ಸೇರುವುದಿಲ್ಲ. ಸಂಗ್ರಾಹಕನ ಕಣ್ಣು ಮೊದಲು ಹುಡುಕುವುದು ಚೆಲುವನ್ನು. ಅದು ತಪ್ಪಲ್ಲ, ಆದರೆ ಅದೇ ಇಡಿಯ ಕಥೆಯೆಂದು ತಿಳಿಯಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಶೆಣೈ ಅವರ ಕೆಲಸ ನನ್ನ ದೃಷ್ಟಿಯಲ್ಲಿ ದೊಡ್ಡದಾಗಿಯೇ ಉಳಿಯುತ್ತದೆ. ಕಾರಣ ಒಂದೇ. ಶ್ರೀಮಂತನೊಬ್ಬ ಹಳೆಯ ಬಾಗಿಲನ್ನು ಕೊಂಡು ತನ್ನ ಬೈಠಕಖಾನೆಗೆ ಅಂದಕ್ಕೆ ನಿಲ್ಲಿಸುತ್ತಾನೆ. ಶೆಣೈ ಅವರಿಗೂ ಮೊದಲ ಹೆಜ್ಜೆ ಹಾಗೆಯೇ ಇದ್ದಿರಬಹುದು. ಆದರೆ ತಾವು ಬಾಳಲೆಂದು ಕಟ್ಟಿದ ಮನೆಯನ್ನೇ ಅವರು ಕೊನೆಗೆ ಟ್ರಸ್ಟಿಗೆ ಒಪ್ಪಿಸಿದರು. ‘ನನ್ನದು’ ಎಂದು ತೊಡಗಿದ್ದು ‘ನನ್ನದಲ್ಲ’ ಎಂಬಲ್ಲಿಗೆ ಬಂದು ಮುಟ್ಟಿತು. ಹಳೆಯ ಕಟ್ಟಡಗಳು ನಮ್ಮವಲ್ಲ, ಕಟ್ಟಿದವರಿಗೂ ಮುಂದೆ ಬರುವವರಿಗೂ ಸೇರಿದವು ಎಂದು ಹೇಳಿದವನೂ ಅದೇ ರಸ್ಕಿನ್. ನಮ್ಮ ನಾಡಿನ ದಾನಶಾಸನಗಳು ಇದನ್ನು ಎಷ್ಟೋ ಮೊದಲೇ ಹೇಳಿವೆ. ದಾನ ಕೊಡುವುದಕ್ಕಿಂತ, ಹಿಂದಿನವರು ಕೊಟ್ಟದ್ದನ್ನು ಕಾಯುವುದು ಮೇಲು ಎಂಬ ಅರ್ಥದ ಮಾತು ಅವುಗಳ ಕೊನೆಗೆ ಮತ್ತೆ ಮತ್ತೆ ಬರುತ್ತದೆ. ಕಾಯುವವನು ಒಡೆಯನಲ್ಲ. ಹವ್ಯಾಸಕ್ಕೂ ಆಸೆಬುರುಕತನಕ್ಕೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ.

ಆದರೆ ಎಲ್ಲರೂ ಆರು ಎಕರೆ ನೆಲದವರಲ್ಲ. ಸೋರುವ ಮನೆಯಲ್ಲಿ ಇರುವವನಿಗೆ ಒಣಗಿದ ಸೂರಿನ ಹಕ್ಕಿದೆ. ನಮ್ಮ ಕಣ್ಣಿನ ಸುಖಕ್ಕಾಗಿ ಅವನು ನೆನೆಯಬೇಕಾಗಿಲ್ಲ. ಮನೆ ಉಳಿಯಲೇಬೇಕೆನ್ನುವವನು ಹಂಚು ತಿರುವಿಸುವ ಖರ್ಚಿನಲ್ಲಿ ಪಾಲು ಹಾಕಬೇಕು. ಅದಾಗದಿದ್ದರೆ ಉಪದೇಶವನ್ನಾದರೂ ನಿಲ್ಲಿಸಬೇಕು. ಎರಡೂ ಆಗದ ನನ್ನಂಥವರಿಗೆ ಮೂರನೆಯದೊಂದು ಉಳಿಯುತ್ತದೆ: ಕಳಚುವ ಮೊದಲು ಅಳೆದು, ಬರೆದು, ಹಿರಿಯರನ್ನು ಕೇಳಿ, ಮನೆಯ ಕಥೆಯನ್ನಾದರೂ ಉಳಿಸುವುದು.

ನಾನು ಕಾಗದಕ್ಕೆ ಸಹಿ ಹಾಕಿದೆ. ಅದಕ್ಕೆ ಮೊದಲು ಎರಡು ರವಿವಾರ ಅಂಕೋಲೆಗೆ ಹೋಗಿ ಟೇಪು ಹಿಡಿದು ಪ್ರತಿಯೊಂದು ಕೋಣೆಯನ್ನೂ ಅಳೆದೆ. ಅಣ್ಣ ಟೇಪಿನ ಇನ್ನೊಂದು ತುದಿ ಹಿಡಿದ. ಹಾಗೆ ಅಳೆಯುತ್ತ ಆ ಕಿಟಕಿಯಿಲ್ಲದ ಕೋಣೆಗೆ ಬಂದೆವು. ಏಳು ಅಡಿ ಉದ್ದ, ಐದೂವರೆ ಅಡಿ ಅಗಲ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಇದನ್ನೂ ಬರೆದೆಯಾ?” ಎಂದು ಅಣ್ಣ ಕೇಳಿದ. ಬರೆದೆ ಎಂದೆ.

ಕಂಬಗಳು ಮಾರಿಹೋದವು. ಹೆಬ್ಬಾಗಿಲನ್ನು ಅಣ್ಣ ಕೊಡಲಿಲ್ಲ. ಅವನ ಹೊಸ ಮನೆಗೆ ಈಗ ಅದೇ ಬಾಗಿಲು. ಬಡಗಿ ಅದನ್ನು ಎತ್ತರಿಸಿ ಕೂಡಿಸುತ್ತೇನೆಂದನಂತೆ, ಅಣ್ಣ ಬೇಡವೆಂದ. ಹೋದಾಗಲೆಲ್ಲ ತಲೆಬಾಗಿಯೇ ಒಳಗೆ ಹೋಗುತ್ತೇನೆ.