ಪೆಟ್ಟಿಗೆಯ ಪಾರತಂತ್ರ್ಯ

ಶ್ರೀ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ವೆಂಬ ಪುಟ್ಟ ಪ್ರಕರಣದಲ್ಲಿ ಇರುವುದೆಲ್ಲವನ್ನೂ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಭಜಿಸಿ, ಮೊದಲನೆಯ ಪಂಕ್ತಿಯಲ್ಲಿ ಭಗವಂತನೊಬ್ಬನನ್ನೇ ಕುಳ್ಳಿರಿಸಿದರು. ಅದಕ್ಕೆ ಟೀಕೆಯನ್ನು ರಚಿಸಿದ ಜಯತೀರ್ಥರು, ಸ್ವರೂಪ, ಪ್ರಮಿತಿ, ಪ್ರವೃತ್ತಿ ಎಂಬ ಮೂರರಲ್ಲಿಯೂ, ಎಂದರೆ ಇರುವುದಕ್ಕಾಗಲಿ, ಅರಿವಿಗಾಗಲಿ, ವ್ಯಾಪಾರಕ್ಕಾಗಲಿ, ಇನ್ನೊಂದನ್ನು ಅಪೇಕ್ಷಿಸದಿರುವುದೇ ಸ್ವಾತಂತ್ರ್ಯದ ಲಕ್ಷಣವೆಂದು ನಿರೂಪಿಸಿದರು. ಇಂತಹ ಒರೆಗಲ್ಲನ್ನು ಮನೆಯ ಮೂಲೆಯಲ್ಲಿ ಕುಳಿತು ಹಾಡುವ ಮ್ಯೂಸಿಕ್ ಸರ್ವರ್ ಎಂಬ ಪೆಟ್ಟಿಗೆಗೆ ಹಚ್ಚುವುದು ಅಪಚಾರವೆಂದು ಹಿರಿಯರು ಮುನಿಯಬಹುದು. ಆದರೆ ಆ ಪೆಟ್ಟಿಗೆಯನ್ನು ಪರೀಕ್ಷಿಸುವುದಕ್ಕೆ ಇದಕ್ಕಿಂತ ಸೂಕ್ಷ್ಮವಾದ ಸಾಧನವು ನನಗೆ ಬೇರೆಲ್ಲಿಯೂ ದೊರೆತಿಲ್ಲ.

ನನ್ನ ಪೆಟ್ಟಿಗೆಯ ಡಿಸ್ಕಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನವುಂಟು. ಹಣ ತೆತ್ತು ಕೊಂಡ ಸಿ.ಡಿ.ಗಳಿಂದ ನಾನೇ ಇಳಿಸಿಕೊಂಡದ್ದು. ಮಳೆಗಾಲದ ಒಂದು ಸಂಜೆ ಬೀದಿಯ ಫೈಬರ್ ತಂತಿ ತುಂಡಾದಾಗ, ಒಳಗೆ ಡಿಸ್ಕು ತಿರುಗುವ ಸಣ್ಣ ಮೊರೆತವು ಕಿವಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದರೂ, ಪರದೆಯ ಮೇಲೆ ವರ್ತುಲವೊಂದು ಸುತ್ತುತ್ತಲೇ ಇದ್ದು, ಕೊನೆಗೆ ಲಾಗಿನ್ ಆಗಬೇಕೆಂಬ ಆದೇಶವು ಮೂಡಿತು. ಕರೆಂಟು ಇತ್ತು, ಮನೆಯ ರೌಟರ್ ಸರಿಯಾಗಿತ್ತು, ರಾಗವು ಗಜದೂರದಲ್ಲಿಯೇ ಇತ್ತು. ಇಲ್ಲದಿದ್ದುದು ಸಮುದ್ರದಾಚೆಯ ಸರ್ವರೊಂದರ ಅನುಮತಿ ಮಾತ್ರ.

ಸ್ವರೂಪದ ವಿಷಯದಲ್ಲಿ ಇಲ್ಲಿ ವಿವಾದವಿಲ್ಲ. ಫೈಲು ನನ್ನ ಮನೆಯಲ್ಲಿಯೇ ಇದೆ. ಪ್ರಮಿತಿಯ ಕಥೆ ಬೇರೆ. ಗಾಯಕನ ಹೆಸರು, ರಾಗದ ಹೆಸರು, ಹೊದಿಕೆಯ ಚಿತ್ರ ಇವೆಲ್ಲವನ್ನೂ ಯಂತ್ರವು ದೂರದ ಕೋಶದಿಂದ ತರಿಸಿಕೊಳ್ಳುವುದರಿಂದ, ಆ ಕೋಶವು ಮೌನವಹಿಸಿದರೆ ಮಹಾಗಾಯಕನೂ ‘ಟ್ರ್ಯಾಕ್ 3’ ಎಂಬ ಅನಾಮಧೇಯನಾಗುತ್ತಾನೆ. (ಅದು ಮಾತನಾಡಿದಾಗಲೂ ರಾಗವನ್ನೇ ಗಾಯಕನೆಂದು ಬರೆದುಕೊಂಡು ನಗೆಪಾಟಲಾಗುವುದುಂಟು.) ಇದನ್ನಾದರೂ ಸಹಿಸಬಹುದು, ಹೆಸರು ಮರೆತರೂ ಸ್ವರ ಕೇಳುತ್ತದೆ. ಪ್ರವೃತ್ತಿಯೇ ಪರಾಧೀನವಾದಾಗ, ಎಂದರೆ ಇರುವುದನ್ನು ನುಡಿಸುವುದಕ್ಕೂ ಪರರ ಅಪ್ಪಣೆ ಬೇಕಾದಾಗ, ಒಡೆತನವೆಂಬುದು ಕಾಗದದ ಮೇಲಿನ ಮಾತಾಗುತ್ತದೆ. ರೂನ್ ಎಂಬ ಪ್ರಸಿದ್ಧ ಸಂಗೀತ ತಂತ್ರಾಂಶದ 2.0 ಆವೃತ್ತಿಯು 2022ರಲ್ಲಿ ಹೊರಬಂದಾಗ, ಸ್ವಂತ ಡಿಸ್ಕಿನ ಸಂಗೀತಕ್ಕೂ ಸದಾ ಇಂಟರ್‌ನೆಟ್ ಇರಬೇಕೆಂದು ವಿಧಿಸಿತ್ತು. ಬಳಕೆದಾರರು ಪ್ರತಿಭಟಿಸಿದ ಮೇಲೆ ಆ ನಿರ್ಬಂಧವು ಸಡಿಲವಾಯಿತು.

ಇದಕ್ಕೆ ವಿರುದ್ಧವಾದ ದೃಷ್ಟಾಂತವೂ ಉಂಟು. ಅಮೆರಿಕದ ಸ್ಲಿಮ್ ಡಿವೈಸಸ್ ಸಂಸ್ಥೆಯ ಸ್ಕ್ವೀಜ್‌ಬಾಕ್ಸ್ ಈ ಕುಲದಲ್ಲಿ ಹಿರಿಯದು. 2006ರಲ್ಲಿ ಲಾಜಿಟೆಕ್ ಕಂಪನಿ ಆ ಸಂಸ್ಥೆಯನ್ನು ಕೊಂಡಿತು. 2012ರಲ್ಲಿ ಪೆಟ್ಟಿಗೆಯ ತಯಾರಿಕೆ ನಿಂತಿತು. 2024ರಲ್ಲಿ ಕಂಪನಿಯ ದೂರದ ಸರ್ವರ್ ಕೂಡ ಮುಚ್ಚಿತು. ಹೀಗೆ ಪೋಷಕರೆಲ್ಲರೂ ಕೈಬಿಟ್ಟ ಮೇಲೆಯೂ ಆ ಪೆಟ್ಟಿಗೆಗಳು ಹಾಡುತ್ತಿವೆ. ಏಕೆಂದರೆ ಅವುಗಳ ಸರ್ವರ್ ತಂತ್ರಾಂಶವು ಮನೆಯ ಕಂಪ್ಯೂಟರಿನಲ್ಲಿಯೇ ನಡೆಯತಕ್ಕದ್ದು, ಓಪನ್ ಸೋರ್ಸ್ ಆದುದರಿಂದ ಯಾರು ಬೇಕಾದರೂ ತಿದ್ದತಕ್ಕದ್ದು. ಈಗ ಅದನ್ನು ಲಿರಿಯನ್ ಎಂಬ ಹೆಸರಿನಿಂದ ಬಳಕೆದಾರರೇ ಪೋಷಿಸುತ್ತಿದ್ದಾರೆ.

ಪೆಟ್ಟಿಗೆಯು ಸ್ವತಂತ್ರವಲ್ಲದ ಮೇಲೆ ಯಾವುದನ್ನೋ ಆಶ್ರಯಿಸಲೇಬೇಕಲ್ಲ, ದೂರದ ಸರ್ವರಾದರೇನು, ಮನೆಯ ರೌಟರಾದರೇನು ಎಂದು ಆಕ್ಷೇಪಿಸಬಹುದು. ಪಾರತಂತ್ರ್ಯವು ದೋಷವೆಂದು ಆಚಾರ್ಯರೂ ಹೇಳಲಿಲ್ಲ; ಅದು ಜೀವನ ಸಹಜ ಸ್ಥಿತಿ. ಅವರು ನಿಷೇಧಿಸಿದ್ದು ಪರತಂತ್ರವಾದುದನ್ನು ಸ್ವತಂತ್ರವೆಂದು ಬಗೆಯುವ ಭ್ರಾಂತಿಯನ್ನು. ತಿಂಗಳ ಚಂದಾ ತೆತ್ತು ದೂರದ ಸಂಗೀತವನ್ನು ಕೇಳುವವನು ಈ ಭ್ರಾಂತಿಗೆ ಒಳಗಾದವನಲ್ಲ. ತಾನು ಕೇಳುತ್ತಿರುವುದು ಎರವಲೆಂದು ಅವನು ಬಲ್ಲ. ಇನ್ನು ಆಶ್ರಯಗಳಲ್ಲಿಯೂ ಭೇದವುಂಟು. ಕೆಟ್ಟ ರೌಟರನ್ನು ಬದಲಿಸಬಹುದು. ಮುಚ್ಚಿದ ಕಂಪನಿಯ ಬಾಗಿಲನ್ನು ತಟ್ಟಿ ಫಲವಿಲ್ಲ. ಆ ಕಂಪನಿಯಾದರೂ ಪೇಟೆಯ ಏರಿಳಿತಕ್ಕೆ ಅಧೀನವಾದುದೇ. ಎರವಲನ್ನು ಒಡೆತನವೆಂದು ಮಾರುವುದು ಅದರ ಅಪರಾಧ, ನಂಬುವುದು ನಮ್ಮ ಅವಿವೇಕ.

ಆದುದರಿಂದ ಇಂತಹ ಪೆಟ್ಟಿಗೆಯನ್ನು ಕೊಳ್ಳಹೊರಟವರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹಣವನ್ನು ಎಣಿಸುವ ಮುನ್ನ, ಅಂಗಡಿಯ ರೌಟರಿಗೆ ಹೊರಗಿನಿಂದ ಬರುವ ಇಂಟರ್‌ನೆಟ್ ತಂತಿಯನ್ನು ಕೀಳಿಸಿ, ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಮತ್ತೆ ಹೊತ್ತಿಸಿ, ಅದರೊಳಗೇ ಇರುವ ಹಾಡೊಂದನ್ನು ನುಡಿಸಹೇಳಿರಿ, ನುಡಿಯದಿದ್ದರೆ ಕೊಳ್ಳಬೇಡಿರಿ.